ಹದಿನೇಳು ದೋಷಗಳ ಸರ್ಟಿಫೈಡ್ ಗಾಡಿ

ಹಳೆಯ ಕಾರು ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅವು ತಾವೇ ಗೇಟಿನೊಳಗೆ ಬರುತ್ತವೆ. ಕೆಲವಂತೂ ನಾಲ್ಕು ಜನರಿಂದ ತಳ್ಳಿಸಿಕೊಂಡು ಬರುತ್ತವೆ. ತೊಂದರೆ ಏನೆಂದರೆ, ಹಗಲೆಲ್ಲ ಕೂಡಿಟ್ಟ ಇಂಥ ಸುದ್ದಿಯನ್ನು ಸಂಜೆ ಮನೆಗೆ ಒಯ್ದು ಹೇಳೋಣವೆಂದರೆ ನನಗೆ ಈಗ ಕೇಳುವವರಿಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಮಕ್ಕಳಿಲ್ಲ. ದೇಶಪಾಂಡೆ ನಗರದ ಎರಡು ಕೋಣೆಯ ಮನೆಯಲ್ಲಿ ನಾನು ಮತ್ತು ಒಂದು ಗೋಡೆ ಗಡಿಯಾರ, ಅದೂ ಆಗಾಗ ನಿಲ್ಲುತ್ತದೆ. ಹೀಗಾಗಿ ಬರೆಯಲು ಕುಳಿತಿದ್ದೇನೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರಸ್ತೆಯ ಮೇಲೆ ನಮ್ಮ ಅಂಗಡಿ. ಮಾರಾಟಕ್ಕೆ ಬಂದ ಹಳೆಯ ಗಾಡಿಯ ಕೆಳಗೆ ಮಲಗಿ, ಒಳಗೆ ಕುಳಿತು, ರಸ್ತೆಯಲ್ಲಿ ಓಡಿಸಿ, ನೂರ ನಲವತ್ತು ಬಾಬುಗಳ ತಪಾಸಣೆ ಪಟ್ಟಿಯಲ್ಲಿ ಒಂದೊಂದಕ್ಕೂ ಗುರುತು ಹಾಕಿ, ಕೊನೆಗೆ ಸಹಿ ಮಾಡುವವನು ನಾನು. ನನ್ನ ಸಹಿ ಬಿದ್ದರೆ ಗಾಜಿನ ಮೇಲೆ ‘ಸರ್ಟಿಫೈಡ್’ ಎಂಬ ಹಸಿರು ಸ್ಟಿಕ್ಕರ್ ಏರುತ್ತದೆ. ಗಾಡಿ ಹತ್ತು ವರ್ಷದೊಳಗಿನದಾದರೆ ಆರು ತಿಂಗಳ ವಾರಂಟಿಯೂ ಸಿಗುತ್ತದೆ. ಆ ಆರು ತಿಂಗಳು ಗಿರಾಕಿಗಳು ನನಗೆ ಸ್ವಂತ ಅಳಿಯಂದಿರಂತೆ ಫೋನ್ ಮಾಡುತ್ತಾರೆ: ಗರ್ ಅನ್ನುತ್ತದೆ, ಕಿರ್ ಅನ್ನುತ್ತದೆ, ಏನೂ ಅನ್ನುವುದಿಲ್ಲ, ಅದೇ ಹೆದರಿಕೆ. ಆರು ತಿಂಗಳಾದ ಮರುದಿನ ಎಲ್ಲ ಸ್ತಬ್ಧ. ನನ್ನ ಫೋನಿನಲ್ಲಿರುವ ಮುನ್ನೂರು ಹೆಸರುಗಳಲ್ಲಿ ಮುಕ್ಕಾಲು ಪಾಲು ವಾರಂಟಿ ಮುಗಿದವರೇ.

೧. ಉಟ್ಟುಕೊಂಡ ಗಾಡಿ

ನನ್ನ ಹೆಂಡತಿ ನಲವತ್ತು ದಾಟಿದ ಮೇಲೆ ಕಾರು ಓಡಿಸಲು ಕಲಿತವಳು. ಕಲಿತ ಮೇಲೆ ನನಗೆ ಸ್ಟೀರಿಂಗ್ ಮುಟ್ಟಗೊಡಲಿಲ್ಲ. ‘ದಿನಾ ಮಂದಿ ಗಾಡಿ ಓಡಸ್ತೀರಿ, ಮನ್ಯಾಗರ ಸುಮ್ನ ಕುಂದರ್ರಿ’ ಅನ್ನುತ್ತಿದ್ದಳು. ಹನ್ನೊಂದು ವರ್ಷ ಆ ಸಣ್ಣ ಬಿಳಿ ಗಾಡಿಯ ಎಡಗಡೆಯ ಸೀಟಿನಲ್ಲಿ ನಾನು ಸುಮ್ಮನೆ ಕುಳಿತೆ, ಅಂದರೆ ಬಹುಮಟ್ಟಿಗೆ ನಿದ್ದೆ ಮಾಡಿದೆ. ಅವಳು ಹೋದ ಮೇಲೆ ಗಾಡಿ ಓಣಿಯಲ್ಲಿ ಮುಸುಕು ಹಾಕಿಕೊಂಡು ನಿಂತಿತು. ಬೆಳಿಗ್ಗೆ ಬಾಗಿಲು ತೆರೆದರೆ ಮೊದಲು ಅದೇ ಕಾಣುವುದು. ಒಂದೂವರೆ ವರ್ಷ ನೋಡಿದೆ, ಆಮೇಲೆ ನೋಡುವುದು ಆಗಲಿಲ್ಲ. ನಮ್ಮ ಅಂಗಡಿಗೇ ಮಾರಿಬಿಟ್ಟೆ.

ಮಾರಿದ ಮೇಲೆ ನಿಯಮದ ಪ್ರಕಾರ ತಪಾಸಣೆ ಆಗಬೇಕಲ್ಲ? ತಪಾಸಣೆ ಮಾಡುವವನು ನಾನೇ.

ಅವಳು ಗಿಡ್ಡ, ನಾನು ಉದ್ದ. ಸೀಟು ಪೂರ್ತಿ ಮುಂದಕ್ಕಿತ್ತು. ಹಿಂದೆ ಸರಿಸಲು ಸೀಟಿನ ಕೆಳಗೆ ಒಂದು ಸರಳು ಇರುತ್ತದೆ, ಅದನ್ನು ಎತ್ತಿದರೆ ಸಾಕು. ಕೈ ಅಲ್ಲಿಯವರೆಗೆ ಹೋಯಿತು, ವಾಪಸು ಬಂತು. ಅವಳು ಇಟ್ಟ ಜಾಗ ಅದು, ನಾನು ಹೇಗೆ ಸರಿಸಲಿ? ಹಾಗೇ ತುರುಕಿಕೊಂಡು ಕುಳಿತು, ಎರಡೂ ಮೊಣಕಾಲು ಸ್ಟೀರಿಂಗಿನ ಆಚೆ ಈಚೆ ಇಟ್ಟುಕೊಂಡು, ಗದ್ದವನ್ನು ಹಾರ್ನಿನ ಹತ್ತಿರ ತಂದುಕೊಂಡು ಅಂಗಳದಲ್ಲಿ ಎರಡು ಸುತ್ತು ಹೊಡೆದೆ. ನಮ್ಮ ಮೆಕ್ಯಾನಿಕ್ ಉಸ್ತಾದ್, ತಾರಿಹಾಳದಲ್ಲಿ ಮೂವತ್ತು ವರ್ಷ ಗ್ಯಾರೇಜ್ ನಡೆಸಿದವರು, ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ನೋಡುತ್ತ ನಿಂತರು.

‘ಭಾಯ್, ಗಾಡಿಯೊಳಗ ಕುಂತೀರೋ, ಗಾಡಿ ಉಟ್ಕೊಂಡೀರೋ?’

ಆಮೇಲೆ ಪಟ್ಟಿ ತುಂಬಿದೆ. ಬೇರೆಯವರ ಗಾಡಿಯಾದರೆ ಸಣ್ಣಪುಟ್ಟದಕ್ಕೆ ಕಣ್ಣು ಮುಚ್ಚಿ ‘ಉತ್ತಮ’ ಎಂದು ಬರೆಯುವವನು, ಇದಕ್ಕೆ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತೆ. ಎಡ ಬಾಗಿಲು ತುಸು ಎತ್ತಿ ಹಾಕಿದರೆ ಮಾತ್ರ ಮುಚ್ಚುತ್ತದೆ. ಎಡಗಡೆಯ ಗಾಜು ಮುಕ್ಕಾಲಿಗೆ ನಿಲ್ಲುತ್ತದೆ. ಎಡ ಸೀಟಿನ ಬೆನ್ನು ತಾನಾಗಿ ಹಿಂದಕ್ಕೆ ವಾಲುತ್ತದೆ. ಜಾಗ ಸಾಲದೆ ಇನ್ನೊಂದು ಹಾಳೆ ಜೋಡಿಸಿ ಬರೆದೆ. ಒಟ್ಟು ಹದಿನೇಳು ದೋಷ. ಎಂಜಿನ್ ಗಟ್ಟಿ ಇದ್ದದ್ದರಿಂದ ಸರ್ಟಿಫೈಡ್ ಆಗದೆ ವಿಧಿಯಿರಲಿಲ್ಲ. ಹತ್ತು ವರ್ಷ ದಾಟಿದ್ದರಿಂದ ವಾರಂಟಿ ಮಾತ್ರ ಇಲ್ಲ.

ಯಾಕೆ ಹಾಗೆ ಬರೆದೆ? ಮುಚ್ಚುಮರೆ ಏಕೆ, ಅದು ಮಾರಾಟ ಆಗಬಾರದೆಂದೇ ಬರೆದೆ. ಮನೆ ಮುಂದೆ ಇಟ್ಟುಕೊಳ್ಳಲಾರೆ, ಇನ್ನೊಬ್ಬರ ಕೈಗೆ ಕೊಡಲಾರೆ. ನನ್ನ ಮೇಜಿನಿಂದ ಕಾಣುವ ಹಾಗೆ ಅಂಗಳದ ಕೊನೆಯ ಸಾಲಿನಲ್ಲಿ ಅದು ನಿಂತಿರಲಿ, ಅಷ್ಟೇ ನನ್ನ ಆಸೆ.

ನಮ್ಮ ಮಾಲಕ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನನಗೆ ಕಾಕಾ ಅನ್ನುತ್ತಾನೆ. ಎರಡೂ ಹಾಳೆ ಓದಿ ತಲೆ ಕೆರೆದುಕೊಂಡ.

‘ಕಾಕಾ, ಇದನ್ನ ಓದಿದ ಗಿರಾಕಿ ಗಾಡಿ ತಗೊಳ್ಳಂಗಿಲ್ಲ. ಅದಕ್ಕ ಸಲಾಯಿನ್ ಬಾಟ್ಲಿ ಹಚ್ಚಿ ಹೋಗ್ತಾನ.’

೨. ಗೌಡರ ಹಗ್ಗ

ಕಲಘಟಗಿ ಕಡೆಯ ಗೌಡರೊಬ್ಬರು ತಮ್ಮ ಹಳೆಯ ಜೀಪು ಮಾರಲು ಬಂದರು. ವ್ಯವಹಾರ ಸುಸೂತ್ರ. ಕಾಗದಪತ್ರಕ್ಕೆ ಸಹಿ ಆಯಿತು, ಚಹಾ ಆಯಿತು, ಹಣ ಅವರ ಖಾತೆಗೆ ಹೋಯಿತು. ಗೌಡರು ಜೀಪಿನ ಬಾನೆಟ್ ಮೇಲೆ ಕೈಯಿಟ್ಟು ಒಮ್ಮೆ ಸವರಿ, ನಮಸ್ಕಾರ ಮಾಡಿ ಬಸ್ ನಿಲ್ದಾಣದ ಕಡೆ ಹೊರಟರು. ಎರಡೂ ಚಾವಿ ಅವರ ಅಂಗಿಯ ಕಿಸೆಯಲ್ಲಿದ್ದವು.

ಮಾಲಕ ಓಡಿದ. ಅವನ ಹಿಂದೆ ನಾನು.

‘ಗೌಡ್ರ, ಚಾವಿ ಕೊಡೂದು ಮರತ್ರಿ.’

‘ಮರತಿಲ್ರಿ. ಚಾವಿ ಕೊಡಂಗಿಲ್ಲ.’

‘ಮತ್ತ ಗಾಡಿ ಮಾರೀರಲ್ರಿ?’

‘ಗಾಡಿ ಮಾರೇನಿ, ಹಗ್ಗ ಮಾರಿಲ್ಲ. ನಮ್ಮ ಮನ್ಯಾಗ ಎತ್ತು ಮಾರಿದ್ರೂ ಆಕಳ ಮಾರಿದ್ರೂ ಹಗ್ಗ ಬಿಚ್ಕೊಂಡ ಬರೂದ್ರಿ. ಹಗ್ಗ ಕೊಟ್ರ ಕೊಟ್ಟಿಗಿ ಬರಿದಾಗ್ತೈತಿ. ತಗೊಂಡವ್ರು ಹೊಸಾದು ಹಾಕ್ಕೋಬೇಕು.’

‘ಜೀಪಿಗೆ ಹಗ್ಗ ಎಲ್ಲೈತ್ರಿ?’

‘ಇದ ಹಗ್ಗ,’ ಎಂದು ಗೌಡರು ಕಿಸೆಯ ಮೇಲೆ ತಟ್ಟಿದರು. ‘ಇದನ್ನ ಹಿಡದ್ರ ಎದ್ದು ಬರ್ತೈತಿ, ಬಿಟ್ರ ನಿಲ್ತೈತಿ. ಹಗ್ಗ ಅಲ್ದ ಇನ್ನೇನು?’

ನನ್ನ ಪಟ್ಟಿಯಲ್ಲಿ ನೂರ ಮೂವತ್ತೆಂಟನೆಯ ಬಾಬು: ಚಾವಿ ಎರಡು. ಅವಿಲ್ಲದೆ ಸಹಿ ಹಾಕುವಂತಿಲ್ಲ. ಮಾಲಕ ಕಾನೂನು ಹೇಳಿದ, ಗೌಡರು ಕೊಟ್ಟಿಗೆ ಹೇಳಿದರು. ಅರ್ಧ ಗಂಟೆ ರಸ್ತೆ ಬದಿಗೆ ನಿಂತೇ ಪಂಚಾಯತಿ ನಡೆಯಿತು. ಕೊನೆಗೆ ಉಸ್ತಾದ್ ಜೀಪಿನ ಹಿಂಬದಿಯನ್ನು ತಡಕಾಡಿ, ಕೆಟ್ಟು ನಿಂತಾಗ ಎಳೆಯಲು ಇಟ್ಟಿದ್ದ ನಾರಿನ ಹಗ್ಗವನ್ನು ಹಿಡಿದುಕೊಂಡು ಬಂದರು. ‘ಗೌಡ್ರ, ಖರೇ ಹಗ್ಗ ಇಲ್ಲೈತಿ ನೋಡ್ರಿ.’

ಗೌಡರ ಮುಖ ಅರಳಿತು. ಹಗ್ಗವನ್ನು ಕಣ್ಣಿಗೊತ್ತಿಕೊಂಡು, ಎರಡೂ ಚಾವಿ ನನ್ನ ಕೈಗೆ ಹಾಕಿದರು. ಹಾಕುತ್ತ ಕೇಳಿದರು, ‘ನೀವು ಎಂದರ ನಿಮ್ಮ ಸ್ವಂತ ಗಾಡಿ ಮಾರೀರೇನ್ರಿ?’

‘ಒಂದ ಮಾರೇನ್ರಿ.’

‘ಏನು ಬಿಚ್ಕೊಂಡ್ರಿ?’

‘ಏನೂ ಇಲ್ರಿ.’

ಗೌಡರು ನನ್ನನ್ನು ನೋಡಿದ ನೋಟದಲ್ಲಿ ಬೈಗುಳ ಇರಲಿಲ್ಲ, ಅಯ್ಯೋ ಪಾಪ ಎಂಬುದಿತ್ತು. ಅದೇ ಚುಚ್ಚಿತು. ನಿಜ, ನಾನು ಎರಡೂ ಚಾವಿ, ಪುಸ್ತಕ, ಸೀಟಿನ ಹೊದಿಕೆ, ಅವಳು ತೂಗುಹಾಕಿದ್ದ ಮಣಿಸರದ ಸಮೇತ ಕೊಟ್ಟು ಬರಿಗೈಲಿ ಮನೆಗೆ ಹೋದವನು.

ಅಷ್ಟರಲ್ಲಿ ಬಸ್ಸು ಬಂತು. ಹೆಗಲ ಮೇಲೆ ಹಗ್ಗ ಹಾಕಿಕೊಂಡು ಹತ್ತಿದವರನ್ನು ಕಂಡು ಕಂಡಕ್ಟರ್ ಕೇಳಿದ್ದು ನಮಗೂ ಕೇಳಿಸಿತು:

‘ಯಜಮಾನ್ರ, ಎತ್ತು ಎಲ್ಲಿ ಬಿಟ್ರಿ?’

‘ಷೋರೂಮಿನ್ಯಾಗ ಕಟ್ಟಿ ಬಂದೇನಿ.’

೩. ಇಲಿಯ ತವರುಮನೆ

ನಮ್ಮ ವಾರಂಟಿ ಪುಸ್ತಕದಲ್ಲಿ ಸಣ್ಣ ಅಕ್ಷರದ ಒಂದು ಸಾಲಿದೆ: ಇಲಿ ಕಡಿದು ಆದ ಹಾನಿಗೆ ಅಂಗಡಿ ಹೊಣೆಯಲ್ಲ. ಬಟ್ಟೆ ಅಂಗಡಿಯ ಯಜಮಾನರೊಬ್ಬರು ನಮ್ಮಿಂದ ಗಾಡಿ ಒಯ್ದ ಇಪ್ಪತ್ತನೆಯ ದಿನಕ್ಕೆ ವಾಪಸು ತಂದರು. ದೀಪ ಹತ್ತುವುದಿಲ್ಲ, ವೈಪರ್ ಆಡುವುದಿಲ್ಲ. ಉಸ್ತಾದ್ ನೋಡಿ, ವೈರುಗಳನ್ನು ಇಲಿ ಕಡಿದಿದೆ ಎಂದರು. ನಾನು ಪುಸ್ತಕ ತೆಗೆದು ಆ ಸಾಲು ತೋರಿಸಿದೆ.

ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು. ‘ಬರೋಬ್ಬರಿ ಐತ್ರಿ. ಆದ್ರ ಇದು ನಮ್ಮ ಮನಿ ಇಲಿ ಅಲ್ಲ. ನಿಮ್ಮ ಗಾಡಿ ಜೋಡಿ ಬಂದದ್ದು.’

‘ಅದನ್ನ ಹ್ಯಾಂಗ ಹೇಳ್ತೀರಿ?’

‘ನಮ್ಮ ಮನ್ಯಾಗ ಮೂರು ಬೆಕ್ಕು ಅದಾವ್ರಿ. ನೀವು ನೂರ ನಲವತ್ತು ನೋಡೇವಿ ಅಂತ ಬರದೀರಿ. ಅದರಾಗ ಇಲಿ ನೋಡಿಲ್ಲ. ಇಲಿನೂ ಸರ್ಟಿಫೈಡ್ ಅಂತ ಆತಲ್ಲ?’

ವಾದ ಬೆಳೆಯಿತು. ಇಲಿ ಯಾರದೆಂದು ಹೇಗೆ ತೀರ್ಮಾನಿಸುವುದು? ಅದಕ್ಕೇನು ಆರ್.ಸಿ. ಪುಸ್ತಕ ಇದೆಯೇ? ಉಸ್ತಾದ್ ಬೇಸತ್ತು ಬಾನೆಟ್ ಇನ್ನಷ್ಟು ಮೇಲೆತ್ತಿ ಕಡ್ಡಿ ಕೊಟ್ಟರು. ಆ ಕ್ಷಣಕ್ಕೆ ದಪ್ಪನೆಯ ಒಂದು ಇಲಿ ಒಳಗಿಂದ ಜಿಗಿದು ನೆಲಕ್ಕೆ ಬಿತ್ತು. ಹೊಸ ಜಾಗಕ್ಕೆ ಬಂದ ಗಾಬರಿ ಅದಕ್ಕಿರಲಿಲ್ಲ. ಮೊದಲ ಸಾಲು ದಾಟಿತು, ಎರಡನೆಯದು ದಾಟಿತು, ಕೊನೆಯ ಸಾಲಿನಲ್ಲಿ ಎಡಕ್ಕೆ ತಿರುಗಿ, ನನ್ನ ಹೆಂಡತಿಯ ಬಿಳಿ ಗಾಡಿಯ ಚಕ್ರ ಹತ್ತಿ ಒಳಗೆ ಹೋಯಿತು.

‘ನೋಡ್ರಿ! ತವರಮನಿಗೆ ಹೋತು!’ ಯಜಮಾನರು ಚಪ್ಪಾಳೆ ತಟ್ಟಿದರು.

ಎಲ್ಲರೂ ಹಿಂದೆ ಹೋದೆವು. ಮಾಲಕ ಎಡ ಬಾಗಿಲು ಎಳೆದ, ತೆರೆಯಿತು. ಸೀಟಿನ ಮೇಲೆ ಹಳೆಯ ಪೇಪರ್ ಹಾಸಿತ್ತು. ಪೇಪರಿನ ಮೇಲೆ ರೊಟ್ಟಿಯ ಚೂರು, ಶೇಂಗಾ ಚಟ್ನಿಯ ಪುಡಿ, ಈರುಳ್ಳಿ ಸಿಪ್ಪೆ. ಮಾಲಕ ಪೇಪರು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ.

ನಾಲ್ಕು ತಿಂಗಳಿಂದ ನಾನು ಮಧ್ಯಾಹ್ನದ ಡಬ್ಬಿ ಬಿಚ್ಚುವುದು ಅಲ್ಲೇ. ಎಡಗಡೆಯ ಸೀಟಿನಲ್ಲಿ ಕುಳಿತರೆ ಪಕ್ಕದಲ್ಲಿ ಯಾರೋ ಇದ್ದಾರೆ ಎಂದೇ ಅನ್ನಿಸುತ್ತದೆ. ಅಂದಿನ ಗಿರಾಕಿಗಳ ಸುದ್ದಿಯನ್ನು ಗಟ್ಟಿಯಾಗಿ ಹೇಳಿದ್ದೂ ಉಂಟು. ಕೇಳಿಸಿಕೊಂಡದ್ದು ಇಲಿ ಎಂದು ಈಗ ಗೊತ್ತಾಯಿತು. ಯಜಮಾನರ ಗಾಡಿ ಮಾರಾಟವಾಗುವ ಮೊದಲು ಇದರ ಪಕ್ಕದಲ್ಲೇ ನಿಂತಿತ್ತು. ಊಟ ಇಲ್ಲಿ, ವಾಸ ಅಲ್ಲಿ.

ಯಜಮಾನರ ವೈರು ಪುಕ್ಕಟೆ ರಿಪೇರಿಯಾಯಿತು. ಅವರು ಹೋದ ಮೇಲೆ ಮಾಲಕ ನನ್ನನ್ನು ಕರೆದು ಕೂರಿಸಿದ. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು.

‘ಕಾಕಾ, ಹಿಂಗ ಮಾಡ್ಕೋಬ್ಯಾಡ್ರಿ. ಒಬ್ಬರ ಕುಂತು ಗಾಡಿ ಜೋಡಿ ಮಾತಾಡೂದು ಛಲೋ ಅಲ್ಲ. ದೀಪಾವಳಿಯೊಳಗ ಆ ಗಾಡಿ ಹೋಗಲಿ. ಗಿರಾಕಿ ಸಿಕ್ರ ಗಿರಾಕಿಗೆ, ಇಲ್ಲಾಂದ್ರ ಗುಜರಿಗೆ ಹಾಕ್ತೇನಿ.’

ಗುಜರಿಗೆ ಹೋದ ಗಾಡಿಗಳನ್ನು ಬಿಚ್ಚುವುದನ್ನು ನಾನು ನೋಡಿದವನು. ಮೊದಲು ಸೀಟುಗಳನ್ನೇ ಕೀಳುತ್ತಾರೆ.

‘ಮತ್ತ ಊಟಾ ಎಲ್ಲಿ ಮಾಡ್ಲಿ?’ ಎಂದು ಕೇಳಿದೆ.

‘ನನ್ನ ಕ್ಯಾಬಿನ್ನಿನ್ಯಾಗ ಮಾಡ್ರಿ.’

ಮರುದಿನದಿಂದ ಅವನ ಕ್ಯಾಬಿನ್ನಿನಲ್ಲೇ ಊಟ ಮಾಡಿದೆ. ಮೂರನೆಯ ದಿನ ಇಲಿಯೂ ಅಲ್ಲಿಗೆ ಬಂತು.

೪. ಟವೆಲ್ಲಿನ ಕೆಳಗೆ

ದೀಪಾವಳಿಗೆ ಮೂರು ವಾರ ಇರುವಾಗ ಅಮರಗೋಳದ ಮಾರುಕಟ್ಟೆಯಿಂದ ದನದ ದಲಾಲರೊಬ್ಬರು ಬಂದರು. ಬಿಳಿ ಧೋತರ, ಹೆಗಲ ಮೇಲೆ ದೊಡ್ಡ ಟವೆಲ್ಲು. ಮುಂದಿನ ಸಾಲಿನ ಹೊಳೆಯುವ ಗಾಡಿಗಳನ್ನು ಕಣ್ಣೆತ್ತಿಯೂ ನೋಡದೆ ನೇರ ಕೊನೆಯ ಸಾಲಿಗೆ ಹೋದರು. ಬಿಳಿ ಗಾಡಿಯ ಸುತ್ತ ಎರಡು ಸಲ ಬಂದರು. ಹಣೆ ನೋಡಿದರು, ಬೆನ್ನು ಸವರಿದರು, ಹಿಂದೆ ನಿಂತು ಕಾಲು ನೆಟ್ಟಗಿವೆಯೇ ಎಂದು ನೋಡಿದರು. ಎಲ್ಲಿ ಬಾಲ ಎತ್ತುತ್ತಾರೋ ಎಂದು ನಾನು ಕಾಯುತ್ತಿದ್ದೆ, ಡಿಕ್ಕಿಯನ್ನು ಎತ್ತಿದರು.

‘ಸುಳಿ ಏನರ ಅದಾವೇನ್ರಿ?’ ಎಂದು ಕೇಳಿದರು. ಎತ್ತಿನ ಮೈಮೇಲಿನ ಕೂದಲಿನ ಸುಳಿ ಕೆಟ್ಟ ಜಾಗದಲ್ಲಿದ್ದರೆ ಆ ಎತ್ತನ್ನು ಯಾರೂ ಕೊಳ್ಳುವುದಿಲ್ಲ.

ನನಗೆ ಇಷ್ಟೇ ಬೇಕಾಗಿತ್ತು. ಎರಡು ಹಾಳೆ ತೆಗೆದು ಹದಿನೇಳನ್ನೂ ಓದಿದೆ.

ದಲಾಲರು ಎಲೆ ಅಡಿಕೆ ಹಾಕಿಕೊಂಡು ಶಾಂತವಾಗಿ ಕೇಳಿದರು. ‘ಹದಿನೇಳ? ಇಪ್ಪತ್ತು ಸುಳಿ ಇದ್ದ ಎತ್ತು ಮಾರೇನ್ರಿ ನಾನು. ಕರೀರಿ ಮಾಲಕರನ್ನ.’

ಕರೆಯದೆ ವಿಧಿಯಿರಲಿಲ್ಲ, ಕರೆದೆ. ಮಾಲಕ ನಗುನಗುತ್ತ ಓಡಿ ಬಂದ. ದಲಾಲರು ಅವನ ಬಲಗೈ ಹಿಡಿದು ಮೇಲೆ ಟವೆಲ್ಲು ಹೊದಿಸಿದರು. ದನದ ವ್ಯಾಪಾರದಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಒತ್ತಿ ಹೇಳುತ್ತಾರೆ, ಬೆರಳು ಒತ್ತಿಯೇ ಉತ್ತರ ಕೊಡುತ್ತಾರೆ. ನನ್ನ ಅಪ್ಪ ಒಕ್ಕಲುತನದವರು, ನನಗೆ ಇದು ಗೊತ್ತಿತ್ತು. ಮಾಲಕನಿಗೆ ಗೊತ್ತಿರಲಿಲ್ಲ. ಮೇಲಾಗಿ ಅವನಿಗೆ ಕಚಗುಳಿ ಜಾಸ್ತಿ.

ದಲಾಲರು ಎರಡು ಬೆರಳು ಒತ್ತಿದರೋ ಏನೋ, ಇವನು ಕಿಸಕ್ಕನೆ ನಕ್ಕ. ಅವರು ಗಂಭೀರವಾಗಿ ಮತ್ತೆ ಒತ್ತಿದರು. ಇವನು ಭುಜ ಕುಣಿಸಿ ಇನ್ನೂ ಜೋರಾಗಿ ನಕ್ಕ. ಮೂರನೆಯ ಸಲ ‘ಅಯ್ಯೋ ಬಿಡ್ರಿ, ಎಷ್ಟಂತ ಬಾಯಿಲೆ ಹೇಳ್ರಿ!’ ಎಂದು ಕಿರುಚಿ ಕೈ ಎಳೆದುಕೊಂಡ.

ದಲಾಲರು ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿದರು. ‘ಕೈ ಎಳಕೊಂಡ್ರ ವ್ಯಾಪಾರ ಮುಗೀತು. ಇನ್ನ ಈ ಗಾಡಿ ಮಾತು ನಾ ಆಡಂಗಿಲ್ಲ.’

ಗೇಟಿನ ತನಕ ಅವರನ್ನು ಕಳಿಸಲು ಹೋದೆ. ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅರ್ಧ ದಾರಿಗೆ ಬಂದಾಗ ನಾಚಿಕೆಯಾಯಿತು. ಒಳ್ಳೆಯ ಮನುಷ್ಯ, ಸಾಕುವ ಕೈ, ಎತ್ತಿನಂತೆಯೇ ನೋಡಿಕೊಳ್ಳುತ್ತಿದ್ದರು. ಒಂದು ಮಾತು ನಾನು ಮಾಲಕನ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಗುಜರಿಗೆ ಕಳಿಸುವವನು ಈಗ ಮಾಲಕನಲ್ಲ, ನಾನೇ ಎನ್ನಿಸಿತು.

ವಾಪಸು ಬಂದಾಗ ಮಾಲಕ ಇನ್ನೂ ಅಂಗೈ ತಿಕ್ಕಿಕೊಳ್ಳುತ್ತಿದ್ದ. ‘ಕಾಕಾ, ಅವ್ರು ಏನಂದ್ರು?’

‘ಪ್ರತಿ ಸಲ ನೀವು ನಕ್ಕಾಗ, ಕಡಿಮಿ ಆತು ಅಂತ ತಿಳದು ಏರಿಸಿದ್ರಂತ. ಇನ್ನೆರಡು ಸಲ ನಕ್ಕಿದ್ರ ಹೊಸಾ ಗಾಡಿ ರೇಟಿಗೆ ಹೋಗ್ತಿತ್ತು.’

೫. ಇಲ್ಲದ ದೋಷದ ತಕರಾರು

ದೀಪಾವಳಿಗೆ ನಾಲ್ಕು ದಿನ ಇತ್ತು. ಧಾರವಾಡದಿಂದ ಒಬ್ಬ ನಿವೃತ್ತ ನರ್ಸ್ ತಮ್ಮ ಪತಿಯ ಜೊತೆ ಬಂದರು. ಯಜಮಾನರು ಕುರ್ಚಿ ಸಿಕ್ಕ ಕೂಡಲೇ ನಿದ್ದೆ ಹೋದರು. ಸಿಸ್ಟರ್ ಮಾತ್ರ ಗಾಡಿಗಳನ್ನು ನೋಡಲೇ ಇಲ್ಲ. ‘ಎಲ್ಲಾ ಗಾಡಿಗಳ ತಪಾಸಣಿ ಕಾಗದ ಕೊಡ್ರಿ’ ಎಂದರು. ಇಷ್ಟು ವರ್ಷದಲ್ಲಿ ಆ ಕಾಗದವನ್ನು ಕೇಳಿದ ಮೊದಲ ಗಿರಾಕಿ ಅವರು. ಕಪಾಟಿನಿಂದ ಕಟ್ಟು ತೆಗೆದು ಧೂಳು ಕೊಡವಿ ಕೊಟ್ಟೆ.

ಒಂದು ತಾಸು ಓದಿದರು. ಆಮೇಲೆ ಕಟ್ಟನ್ನು ಬದಿಗಿಟ್ಟರು.

‘ಎಲ್ಲಾ ಉತ್ತಮ, ಉತ್ತಮ, ಉತ್ತಮ. ಮೂವತ್ತೈದು ವರ್ಷ ವಾರ್ಡಿನ್ಯಾಗ ಕೇಸ್ ಪೇಪರ್ ಓದೇನ್ರಿ. ಎಲ್ಲಾ ನಾರ್ಮಲ್ ಅಂತ ಬರದಿದ್ರ, ಪೇಶಂಟ್ ಹಂತೇಕ ಯಾರೂ ಹೋಗಿಲ್ಲ ಅಂತ ಅರ್ಥ.’

ಅವರು ಎರಡು ಹಾಳೆ ಎತ್ತಿ ಹಿಡಿದರು.

‘ಇದೊಂದು ಪೇಶಂಟನ್ನ ಮಾತ್ರ ಖರೇ ನೋಡೀರಿ. ಇದ ಬೇಕು.’

ಮಾರಾಟ ಆಗಬಾರದೆಂದು ಬರೆದದ್ದೇ ಮಾರಾಟಕ್ಕೆ ಕಾರಣವಾಗಿ ಕುಳಿತಿತ್ತು. ಗುಜರಿಗೆ ಹೋಗುವುದಕ್ಕಿಂತ ಇದು ಎಷ್ಟೋ ಮೇಲು ಎಂದು ಬುದ್ಧಿಗೆ ಗೊತ್ತಿತ್ತು. ಆದರೂ ಬಾಯಿ ಕೇಳಲಿಲ್ಲ. ‘ಸಿಸ್ಟರ್, ಹದಿನೇಳನೇದು ಸ್ವಲ್ಪ ಓದ್ರಿ. ಅದು ಭಾಳ ಕೆಟ್ಟದ್ದು’ ಎಂದೆ.

ಅವರು ಗಟ್ಟಿಯಾಗಿ ಓದಿದರು: ‘ಎಡಕ್ಕೆ ತಿರುಗುವಾಗ ಹಾರ್ನ್ ಒಮ್ಮೊಮ್ಮೆ ತಾನಾಗಿ ಬಾರಿಸುತ್ತದೆ. ಕಾರಣ ಸಿಕ್ಕಿಲ್ಲ.’

ಅದು ನನ್ನ ವೃತ್ತಿಗೇ ಕಳಂಕವಾದ ದೋಷ. ನಮ್ಮ ಓಣಿಗೆ ಎಡಕ್ಕೆ ಹೊರಳುವಾಗ ಪೀಂ ಎನ್ನುತ್ತಿತ್ತು, ನಾನು ಬೆಚ್ಚಿ ಕಣ್ಣು ತೆರೆಯುತ್ತಿದ್ದೆ. ರಿಪೇರಿಯ ನೆಪದಲ್ಲಿ ಅಂಗಡಿಗೆ ಒಯ್ದು ನಾನು ಓಡಿಸಿ ನೋಡಿದರೆ ಬಾರಿಸುತ್ತಿರಲಿಲ್ಲ, ಉಸ್ತಾದ್ ಓಡಿಸಿದರೂ ಇಲ್ಲ. ಎರಡು ಸಲ ಸ್ಟೀರಿಂಗ್ ಬಿಚ್ಚಿದೆ, ಮೂರನೆಯ ಸಲ ಹಾರ್ನನ್ನೇ ಹೊಸದು ಹಾಕಿದೆ. ಹೋಗಲಿಲ್ಲ. ಇಂಥ ದೋಷ ಹುಡುಕುವವನ ಎದುರಿಗೆ ಕಾಣಿಸಿಕೊಳ್ಳುವುದಿಲ್ಲ ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಹನ್ನೊಂದು ವರ್ಷ ಕಿವಿಯಾರೆ ಕೇಳಿದವನು ನಾನು, ಅದಕ್ಕೇ ಬರೆದೆ.

‘ಇಷ್ಟು ಗೊತ್ತೈತಿ ಅಂದ್ರ ಯಾರ ಗಾಡಿರಿ ಇದು?’

‘ನಮ್ಮ ಮನಿಯಾಕಿದ್ರಿ.’

‘ಅವರು?’

‘ಇಲ್ರಿ ಈಗ.’

ಸಿಸ್ಟರ್ ಎಲ್ಲರಂತೆ ಚುಚ್ ಚುಚ್ ಅನ್ನಲಿಲ್ಲ. ಹಾಳೆಯ ಮೇಲೆ ಬೆರಳು ಓಡಿಸಿದರು. ‘ದೋಷ ಎಲ್ಲಾ ಎಡಗಡೇನ ಅದಾವಲ್ಲ?’

‘ನಾ ಎಡಗಡೆ ಕುಂದರತಿದ್ದೆ. ಬಲಗಡೆ ಹ್ಯಾಂಗಿತ್ತೋ ನನಗ ಗೊತ್ತಿಲ್ರಿ.’

ಅವರು ವಾರಂಟಿ ಕೇಳಿದರು. ಹತ್ತು ವರ್ಷ ದಾಟಿದ ಗಾಡಿಗೆ ಇಲ್ಲ ಎಂದು ಮಾಲಕ ಹೇಳಿದ. ‘ಏನರ ಆದ್ರ ಯಾರನ್ನ ಕೇಳಬೇಕು?’ ಎಂದರು ಸಿಸ್ಟರ್.

‘ನನಗ ಫೋನ್ ಮಾಡ್ರಿ,’ ಎಂದೆ.

‘ಎಷ್ಟು ತಿಂಗಳ ತನಕ?’

‘ತಿಂಗಳ ಲೆಕ್ಕ ಇಲ್ರಿ.’

ಗಾಡಿ ಹೋಯಿತು. ಕೊನೆಯ ಸಾಲಿನಲ್ಲಿ ಅದು ನಿಂತ ಜಾಗದಲ್ಲಿ ನಾಲ್ಕು ಚಕ್ರದ ಗುರುತು ಉಳಿಯಿತು. ದೀಪಾವಳಿಗೆ ಬಾಗಿಲಲ್ಲಿ ಎರಡು ಹಣತೆ ಹಚ್ಚಿ ಒಳಗೆ ಕುಳಿತೆ. ನೋಡಲು ಹೊರಗೆ ಹೋಗಲಿಲ್ಲ. ಆಮೇಲಿನ ಮೂರು ವಾರ ಸಿಸ್ಟರ್ ಫೋನ್ ಬರಲಿಲ್ಲ. ನನ್ನ ಫೋನು ಕೆಟ್ಟಿರಬಹುದೆಂದು ಉಸ್ತಾದ್ ಫೋನಿನಿಂದ ನನಗೇ ಮಾಡಿ ನೋಡಿದೆ. ಚೆನ್ನಾಗಿ ಬಾರಿಸಿತು. ಗಾಡಿ ಇಷ್ಟು ಸುಖವಾಗಿರಬಾರದಾಗಿತ್ತು ಎಂದುಕೊಂಡೆ. ಅಷ್ಟು ಸಣ್ಣವನಾಗಿದ್ದೆ ಆ ದಿನಗಳಲ್ಲಿ.

ಒಂದು ರವಿವಾರ ಬೆಳಿಗ್ಗೆ ಫೋನು ಬಂತು.

‘ತಕರಾರು ಐತ್ರಿ,’ ಸಿಸ್ಟರ್ ದನಿ ಗಡುಸಾಗಿತ್ತು. ‘ಹದಿನಾರು ದೋಷ ನೀವು ಬರದಂಗ ಬರೋಬ್ಬರಿ ಅದಾವ. ಹದಿನೇಳನೇದು ಇಲ್ಲ.’

‘ಇಲ್ಲ ಅಂದ್ರ?’

‘ಹಾರ್ನ್ ಬಾರಿಸವಲ್ದು. ಎಡಕ್ಕ ತಿರಗಿ ತಿರಗಿ ಇಡೀ ಧಾರವಾಡ ಸುತ್ತೇನಿ. ಬರದು ಸಹಿ ಮಾಡೀರಲ್ರಿ? ಬಂದು ನೋಡ್ರಿ.’

ಇಷ್ಟು ವರ್ಷದಲ್ಲಿ ದೋಷ ಇದೆ ಎಂದು ಜಗಳಕ್ಕೆ ಬಂದವರನ್ನು ಸಾವಿರ ಕಂಡಿದ್ದೇನೆ. ದೋಷ ಸಿಗಲಿಲ್ಲ ಎಂದು ತಕರಾರು ಮಾಡಿದವರು ಇವರೊಬ್ಬರೇ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪಾನಾ ಚೀಲ ಹಿಡಿದು ಧಾರವಾಡದ ಬಸ್ಸು ಹತ್ತಿದೆ.

ಅವರ ಮನೆಯಲ್ಲಿ ಉಪ್ಪಿಟ್ಟು ತಿನ್ನಿಸಿಯೇ ಗಾಡಿ ತೆಗೆದರು. ಸಿಸ್ಟರ್ ಸ್ಟೀರಿಂಗ್ ಹಿಡಿದರು, ಯಜಮಾನರು ಎಡ ಬಾಗಿಲನ್ನು ತುಸು ಎತ್ತಿ ಹಾಕಿ ಕುಳಿತರು, ನಾನು ಹಿಂದೆ. ಒಂದು ಎಡ ತಿರುವು, ಸದ್ದಿಲ್ಲ. ಇನ್ನೊಂದು, ಇಲ್ಲ. ಮೂರು ನಾಲ್ಕಾದವು. ಸಿಸ್ಟರ್ ಕನ್ನಡಿಯಲ್ಲಿ ನನ್ನನ್ನು ಸಂಶಯದಿಂದ ನೋಡತೊಡಗಿದರು. ಸುಳ್ಳು ಸರ್ಟಿಫಿಕೇಟ್ ಬರೆದವನೆಂದು ಇವರೂ ತಿಳಿದರೆ? ಕೊನೆಗೆ ಸಿಸ್ಟರ್ ‘ಮನಿಗೆ ಹೋಗೂಣು ನಡೀರಿ’ ಎಂದರು. ಹೊತ್ತು ಮಧ್ಯಾಹ್ನಕ್ಕೆ ಬಂದಿತ್ತು. ಯಜಮಾನರ ಸೀಟು ಹಿಂದಕ್ಕೆ ವಾಲಿತ್ತು, ತಲೆ ಜೋತುಬಿದ್ದಿತ್ತು, ಬಾಯಿ ತೆರೆದಿತ್ತು. ಅವರ ಓಣಿ ಬಂತು. ಗಾಡಿ ಎಡಕ್ಕೆ ಹೊರಳಿತು.

ಪೀಂ.

ನಾನು ಹಿಂದಿನ ಸೀಟಿನಿಂದ ಅರ್ಧ ಎದ್ದುಬಿಟ್ಟೆ. ‘ಬಾರಿಸ್ತು! ಕೇಳಿದ್ರೇನ್ರಿ ಸಿಸ್ಟರ್? ಇದ ನೋಡ್ರಿ ಹದಿನೇಳನೇದು!’

‘ಏ, ಅದು ನಾ ಹೊಡದದ್ರಿ,’ ಸಿಸ್ಟರ್ ಹೇಳಿದರು. ‘ಇವರನ್ನ ಎಬ್ಬಿಸಾಕ. ಮನಿ ಬಂತಲ್ಲ? ಎರಡೂ ಕೈ ಸ್ಟೀರಿಂಗ್ ಮ್ಯಾಲ ಇರ್ತಾವ, ಮತ್ತ ಹ್ಯಾಂಗ ಎಬ್ಬಿಸೂದು?’

ಯಜಮಾನರು ಬೆಚ್ಚಿ ಕಣ್ಣು ತೆರೆದು, ಬಾಯಿ ಒರೆಸಿಕೊಂಡು, ಸುತ್ತ ನೋಡಿ ಕೇಳಿದರು: ‘ಯಾಕ, ಹಾರ್ನ್ ಕೆಟ್ಟೇತೇನು?’

‘ಹೌದ್ರಿ, ಹಳೇ ಗಾಡಿ,’ ಎಂದರು ಸಿಸ್ಟರ್, ಮುಖದ ಒಂದು ಗೆರೆಯೂ ಅಲುಗದೆ.

ನಾನು ಮೆಲ್ಲಗೆ ಕುಳಿತೆ. ಪಾನಾ ಚೀಲ ತೊಡೆಯ ಮೇಲಿಂದ ಜಾರಿ ಕೆಳಗೆ ಬಿತ್ತು. ಹನ್ನೊಂದು ವರ್ಷ. ಎರಡು ಸಲ ಬಿಚ್ಚಿದ ಸ್ಟೀರಿಂಗ್. ನೂರ ನಲವತ್ತು ಬಾಬು ತಿಳಿದವನು, ಸಹಿ ಮಾಡಿ ಮುದ್ರೆ ಒತ್ತುವವನು. ಸಿಸ್ಟರ್ ಗಾಡಿ ನಿಲ್ಲಿಸಿ ಹಿಂದೆ ತಿರುಗಿ, ‘ಏನಾತ್ರಿ? ಆರಾಮ ಅದೀರಿಲ್ಲೋ?’ ಎಂದರು. ನನಗೆ ಮೊದಲು ನಗೆ ಬಂತು, ಆಮೇಲೆ ಅಳು ಬಂತು, ಆಮೇಲೆ ಯಾವುದು ಯಾವುದೆಂದು ತಿಳಿಯಲಿಲ್ಲ. ಎರಡು ವರ್ಷದಲ್ಲಿ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಹೇಳಲು ಕೊನೆಗೂ ಇಬ್ಬರು ಸಿಕ್ಕಿದ್ದರು, ಅದರಲ್ಲಿ ಒಬ್ಬರು ಪೂರ್ತಿ ಎಚ್ಚರವಾಗಿದ್ದರು. ಹೇಳಿದೆ.

ಹೊಸ ಹಾರ್ನ್ ಹಾಕಿದ ದಿನ ದೊಡ್ಡ ಯುದ್ಧ ಗೆದ್ದವನ ಹಾಗೆ ಎಡಗಡೆ ಕುಳಿತು, ಎಂದಿನಂತೆ ನಿದ್ದೆ ಹೋಗಿದ್ದೆ. ಓಣಿಯ ತಿರುವಿಗೆ ಪೀಂ ಎಂದಿತು. ಎಚ್ಚರಾಗಿ, ಸೋತು, ಅವಳ ಮುಖ ನೋಡಿದೆ. ಅವಳು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟುಕೊಂಡು, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ್ದಳು:

‘ಹೋಗ್ಲಿ ಬಿಡ್ರಿ, ಮೊದಲಿನಕಿಂತ ಈಗ ಛಲೋ ಕೇಳಸ್ತೈತಿ.’